ಬಂದರಿನ ಬೆಲೆ, ಮನೆಯ ಬೆಲೆ

ಹಿಂದೆ ವಡಿಗೇನಹಳ್ಳಿ ಎನ್ನಿಸಿಕೊಂಡಿದ್ದ ನಮ್ಮ ವಿಜಯಪುರದಲ್ಲಿ ಬಾಳುವವರಿಗೆ ಚೀನಾ ರೇಷ್ಮೆ ದೂರದ ಮಾತಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು. 2013ರಲ್ಲಿ ಸುಂಕವನ್ನು ಮತ್ತೆ 15ಕ್ಕೆ ಏರಿಸಿದರು. ನಮ್ಮದು ನೂಲು ಬಿಚ್ಚುವ ಮನೆ, ತಂಗಿಯನ್ನು ಕೊಟ್ಟದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ. ನಮಗೆ ಏಟಾದದ್ದು ಅವರಿಗೆ ಹಿತ. ಹಬ್ಬಕ್ಕೆ ಸೇರಿದಾಗ ಈ ಮಾತು ಎತ್ತದಿರುವುದೇ ಕ್ಷೇಮವಾಗಿತ್ತು.

ಆದರೂ ಒಮ್ಮೆ ಅವಳೇ ಎತ್ತಿದಳು. ನಾಲ್ಕು ಮಗ್ಗದವರು ಕೂಡಿ ನೇರವಾಗಿ ನೂಲು ತರಿಸುವ ಯೋಚನೆ. "ಅಕ್ಕಾ, ಸಿ.ಐ.ಎಫ್. ಚೆನ್ನೈ ಅಂತ ಬರೆದಿದ್ದಾರೆ. ಎಲ್ಲಾ ಸೇರಿತು ತಾನೇ?"

ಸೇರಿಲ್ಲ ನೋಡಿ! ಸಿ.ಐ.ಎಫ್. ಅಂದರೆ ಸರಕು, ವಿಮೆ ಮತ್ತು ಬಂದರಿನವರೆಗಿನ ಹಡಗಿನ ಬಾಡಿಗೆ, ಅಷ್ಟೆ. ಎಫ್.ಓ.ಬಿ. ಅಂದರೆ ಮಾರುವವರ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ. ಹಿಂದೆ ಒಂದೊಂದು ದೇಶದಲ್ಲಿ ಇವಕ್ಕೆ ಒಂದೊಂದು ಅರ್ಥವಿತ್ತು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ನಿಯಮಗಳನ್ನು ಬರೆದು ಒಂದು ನೆಲೆಗೆ ತಂದಿತು. ಅದಕ್ಕೆ ಸ್ವಲ್ಪ ಮುಂಚೆಯೇ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಮೈಸೂರು ಸಂಸ್ಥಾನದ ರೇಷ್ಮೆಗಾರರನ್ನು ಹಣ್ಣು ಮಾಡಿತ್ತು. ಸುಂಕ ಮಂಡಳಿ ವಿಚಾರಣೆ ನಡೆಸಿ, 1934ರಲ್ಲಿ ರಕ್ಷಣಾ ಸುಂಕ ಬಂತು. ಆಗಲೂ ಜಗಳವಿದ್ದದ್ದು ಪರದೇಶದ ನೂಲು ನಮ್ಮ ದಡಕ್ಕೆ ಎಷ್ಟಕ್ಕೆ ಬಂದು ಬೀಳುತ್ತದೆ ಎನ್ನುವುದರ ಮೇಲೇ.

ದಡದಿಂದ ಮಗ್ಗದವರೆಗಿನ ಕಥೆ ಬೇರೆ. ಸಿ.ಐ.ಎಫ್.ನಲ್ಲಿ ಹಡಗನ್ನು ಗೊತ್ತು ಮಾಡುವವನು ಮಾರುವವನು. ಬಾಡಿಗೆಯನ್ನು ತೀರ ಇಳಿಸಿ ತೋರಿಸುವ ಸಾಗಣೆದಾರ ಸಿಕ್ಕಿದರೆ, ಅವನ ಚೆನ್ನೈ ಏಜೆಂಟ್ ಡೆಲಿವರಿ ಆರ್ಡರ್ ಶುಲ್ಕ, ಅದು ಇದು ಎಂದು ಕೊಳ್ಳುವವರಿಂದ ವಸೂಲಿ ಮಾಡುತ್ತಾನೆ. ಹಣ ಕಟ್ಟದೆ ಮಾಲು ಬಿಡುವುದಿಲ್ಲ, ತಡವಾದರೆ ಡೆಮರೇಜ್ ಬೇರೆ. ಚೆನ್ನೈನಿಂದ ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೆ ತರುವ ಖರ್ಚೂ ನಮ್ಮದೇ.

ನನಗೆ ದಿಗಿಲಾಗಿದ್ದು ವಿಮೆಯ ವಿಷಯ. ಬಾಡಿಗೆ ಕೊಟ್ಟವನು ಅವನಾದರೂ, ಶಾಂಘೈನಲ್ಲಿ ಹಡಗಿಗೆ ಏರಿದ ಮೇಲೆ ನಷ್ಟವೆಲ್ಲ ಕೊಂಡವರ ತಲೆಗೆ. ಅವನು ಮಾಡಿಸಬೇಕಾದ ವಿಮೆಯೂ ಕನಿಷ್ಠದ್ದು. ಕಂಟೇನರಿನೊಳಗೆ ಕಡಲ ನೀರು ನುಗ್ಗಿ ನೂಲು ನೆನೆದರೆ ಅದರಲ್ಲಿ ಪರಿಹಾರವಿಲ್ಲ. ರೇಷ್ಮೆಗೆ ಇದಕ್ಕಿಂತ ಇನ್ನೇನು ಬೇಕು!

ಎಫ್.ಓ.ಬಿ. ಎಂದರೆ ಸುಂಕ ಕಡಿಮೆಯಾದೀತು ಎಂದುಕೊಳ್ಳಬೇಡಿ. ನಮ್ಮ ಕಸ್ಟಮ್ಸ್‌ನವರು ಬಾಡಿಗೆ, ವಿಮೆ ಕೂಡಿಸಿಯೇ ಸುಂಕ ಹಾಕುತ್ತಾರೆ. ಬಾಡಿಗೆಗೆ ದಾಖಲೆ ತೋರಿಸದಿದ್ದರೆ ಎಫ್.ಓ.ಬಿ. ಬೆಲೆಯ ಶೇಕಡ 20 ಎಂದು ತಾವೇ ಹಿಡಿಯುತ್ತಾರೆ, ವಿಮೆಗೆ 1.125. ಲಾಭವೇನೆಂದರೆ ಹಡಗು, ಏಜೆಂಟ್, ವಿಮೆ ಮೂರನ್ನೂ ನಾವೇ ಆರಿಸಿ, ದರವನ್ನು ಮೊದಲೇ ಬರೆಸಿಕೊಳ್ಳಬಹುದು.

ತಂಗಿ ಎರಡೂ ಬೆಲೆ ತರಿಸಿ, ವೈಟ್‌ಫೀಲ್ಡ್‌ವರೆಗಿನ ಖರ್ಚನ್ನು ಏಜೆಂಟನಿಂದ ಬರೆಸಿಕೊಂಡು, ನೋಟ್‌ಬುಕ್ಕಿನಲ್ಲಿ ಕೂಡಿದಳು. ಕಾಗದದ ಮೇಲೆ ಅಗ್ಗವಾಗಿದ್ದ ಸಿ.ಐ.ಎಫ್. ನೂಲೇ ಕಿಲೋಗೆ ಹೆಚ್ಚು ಬಿದ್ದಿತ್ತು. ಎಫ್.ಓ.ಬಿ.ಗೇ ಒಪ್ಪಿ ಪೂರ್ತಿ ವಿಮೆ ಮಾಡಿಸಿದರು. ನಮ್ಮ ನೂಲಿಗಿಂತ ಅದು ಇನ್ನೂ ಅಗ್ಗವೇ ಇತ್ತು. ಆದರೆ ಅವಳು ಮೊದಲು ಹೇಳಿದಷ್ಟು ಅಲ್ಲ. ಆ ಅಂತರವನ್ನು ನಮ್ಮ ಯಜಮಾನರು ಎರಡು ಸಲ ಕೇಳಿ ತಿಳಿದುಕೊಂಡರು.