ತೆರೆಯ ಮೇಲೆ ಗೊಂಬೆಯ ಪಾಲು: ‘ಸೆಸಮಿ ಸ್ಟ್ರೀಟ್’ನ ಐದೂವರೆ ದಶಕ

ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ 1969ರ ನವೆಂಬರ್ 10ರಂದು ಆರಂಭವಾದಾಗ ಅದರ ಒಂದೊಂದು ಕಂತೂ ಒಂದು ಗಂಟೆಯದು. ಮೊದಲ ಸೀಸನ್‌ನಲ್ಲಿ ಅಂಥ 130 ಕಂತುಗಳು ಪ್ರಸಾರವಾದವು. 2016ರಲ್ಲಿ ಎಚ್‌ಬಿಒ ವಾಹಿನಿಯ ಪಾಲಾದಾಗ ಕಂತು ಅರ್ಧ ಗಂಟೆಗೆ ಇಳಿದಿತ್ತು. ಒಪ್ಪಂದವಾಗಿದ್ದು ವರ್ಷಕ್ಕೆ 35 ಹೊಸ ಕಂತುಗಳಿಗೆ. 130 ಗಂಟೆ ಇದ್ದದ್ದು ಹದಿನೇಳೂವರೆ ಗಂಟೆಯಾಯಿತು. ಬಿಗ್ ಬರ್ಡ್, ಅರ್ನಿ, ಬರ್ಟ್, ಆಸ್ಕರ್, ಕೌಂಟ್ ಮೊದಲಾದ ಹಳೆಯ ಗೊಂಬೆಗಳು ತೆರೆಯ ಮೇಲೆ ಅಪರೂಪವಾದ ಮಾತು ಬಂದಾಗ ಮೊದಲು ನೋಡಬೇಕಾದದ್ದು ಈ ಲೆಕ್ಕ. ಆದರೆ ಎರಡು ದಶಕಗಳಿಂದ ಚಲಾವಣೆಯಲ್ಲಿರುವ ವಿವರಣೆ ಬೇರೆ: ಎಲ್ಮೊ ಎಂಬ ಕೆಂಪು ಗೊಂಬೆ ಉಳಿದವರ ಜಾಗವನ್ನೆಲ್ಲ ನುಂಗಿತು, ಆಟಿಕೆ ಮಾರುಕಟ್ಟೆ ಅದಕ್ಕೆ ಬೆನ್ನಾಯಿತು ಎಂಬುದು. ಆ ವಿವರಣೆಯಲ್ಲಿ ನಿಜದ ಅಂಶ ಸ್ವಲ್ಪ ಇದೆ. ಅದು ಮರೆಮಾಡುವ ಸಂಗತಿಗಳೇ ಹೆಚ್ಚು.

ಇದಕ್ಕೂ ಹಿಂದಿನ ಗೊಂಬೆ ಕಾರ್ಯಕ್ರಮಗಳಲ್ಲಿ ಪಾಲಿನ ಪ್ರಶ್ನೆ ಹೆಚ್ಚಾಗಿ ಎದ್ದಿರಲಿಲ್ಲ. ಬಿಬಿಸಿಯಲ್ಲಿ 1946ರಿಂದ ಬಂದ ‘ಮಫಿನ್ ದಿ ಮ್ಯೂಲ್’, ಅಮೆರಿಕದ ‘ಹೌಡಿ ಡೂಡಿ’ ಮತ್ತು ‘ಕೂಕ್ಲಾ, ಫ್ರಾನ್ ಅಂಡ್ ಆಲಿ’ ಎಲ್ಲವೂ ಒಂದೆರಡು ಮುಖ್ಯ ಗೊಂಬೆ, ಜೊತೆಗೊಬ್ಬ ನಿರೂಪಕ ಎಂಬ ಕಟ್ಟಿನವು. ಗೊಂಬೆಯ ಹೆಸರೇ ಕಾರ್ಯಕ್ರಮದ ಹೆಸರು. 1968ರಿಂದ ದೇಶವ್ಯಾಪಿ ಪ್ರಸಾರವಾದ ಫ್ರೆಡ್ ರೋಜರ್ಸ್ ಅವರ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ನಲ್ಲಿ ಗೊಂಬೆಗಳಿಗೆ ಪ್ರತ್ಯೇಕ ಲೋಕವೊಂದಿತ್ತು. ಪುಟ್ಟ ಟ್ರಾಲಿಯೊಂದು ಕಥೆಯನ್ನು ಮನೆಯಿಂದ ಅಲ್ಲಿಗೆ ಒಯ್ಯುತ್ತಿತ್ತು. ಆ ಗಡಿಯನ್ನು ರೋಜರ್ಸ್ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಅಲ್ಲಿನ ಡೇನಿಯಲ್ ಹುಲಿಮರಿ 2012ರಲ್ಲಿ ಅನಿಮೇಷನ್ ಆಗಿ ಮರಳಿ ಬಂತು. ಗೊಂಬೆಯ ಹೆಸರು, ಸ್ವಭಾವ ಉಳಿದವು. ಅದನ್ನು ಆಡಿಸುವ ಕೈ ಉಳಿಯಲಿಲ್ಲ.

‘ಸೆಸಮಿ ಸ್ಟ್ರೀಟ್’ ಕೂಡ ಇಂಥದೇ ಗಡಿಯೊಂದಿಗೆ ಹುಟ್ಟಬೇಕಿತ್ತು. ಜೋನ್ ಗ್ಯಾನ್ಜ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ 1968ರಲ್ಲಿ ಕಟ್ಟಿದ ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್‌ಗೆ ಸಲಹೆ ನೀಡಿದ ಮನೋವಿಜ್ಞಾನಿಗಳು, ಕಥೆ ನಡೆಯುವ ಬೀದಿಯಲ್ಲಿ ಮನುಷ್ಯರು ಮಾತ್ರ ಇರಲಿ, ಗೊಂಬೆಗಳನ್ನು ಬೆರೆಸಿದರೆ ಮಕ್ಕಳಿಗೆ ಗೊಂದಲವಾದೀತು ಎಂದಿದ್ದರು. 1969ರ ಬೇಸಿಗೆಯಲ್ಲಿ ಮಾದರಿ ಕಂತುಗಳನ್ನು ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿ ನೋಡಲಾಯಿತು. ಸಂಶೋಧನೆಯ ಹೊಣೆ ಹೊತ್ತಿದ್ದ ಎಡ್ವರ್ಡ್ ಪಾಮರ್ ಅವರ ಪರೀಕ್ಷಾ ವಿಧಾನ ಸರಳವಾಗಿತ್ತು: ಟಿವಿಯ ಪಕ್ಕದಲ್ಲೊಂದು ಸ್ಲೈಡ್ ಪ್ರೊಜೆಕ್ಟರ್, ಅದರಲ್ಲಿ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಚಿತ್ರ, ಮಗು ಯಾವಾಗ ಟಿವಿ ಬಿಟ್ಟು ಅತ್ತ ತಿರುಗುತ್ತದೆ ಎಂದು ಬರೆದುಕೊಳ್ಳುವುದು. ಗೊಂಬೆ ಬಂದಾಗ ನೆಟ್ಟಿರುತ್ತಿದ್ದ ಕಣ್ಣು ಬೀದಿಯ ದೃಶ್ಯ ಬಂದೊಡನೆ ಚದುರುತ್ತಿತ್ತು. ಸಲಹೆಯನ್ನು ಬದಿಗಿಟ್ಟು, ಬೀದಿಗಾಗಿಯೇ ಎರಡು ಗೊಂಬೆಗಳನ್ನು ಮಾಡಿಕೊಡುವಂತೆ ಗೊಂಬೆ ಕಲಾವಿದ ಜಿಮ್ ಹೆನ್ಸನ್ ಅವರನ್ನು ಕೇಳಲಾಯಿತು. ಬಿಗ್ ಬರ್ಡ್ ಮತ್ತು ಕಸದ ಡಬ್ಬಿಯ ಆಸ್ಕರ್ ಬಂದದ್ದು ಹೀಗೆ. ತೆರೆಯ ಮೇಲೆ ಗೊಂಬೆಗೆ ಸಿಕ್ಕ ಪಾಲು ಮಕ್ಕಳ ನೋಟವನ್ನು ಅಳೆದು ಕೊಟ್ಟದ್ದು ಎಂಬುದನ್ನು ಈ ಆರಂಭವೇ ಹೇಳುತ್ತದೆ.

ಅಂದಿನಿಂದ ಗೊಂಬೆಗಳಲ್ಲಿ ಎರಡು ಬಗೆಯಾದವು. ಬಿಗ್ ಬರ್ಡ್, ಆಸ್ಕರ್ ಬೀದಿಯವರು. ದಿನದ ಕಥೆಯಲ್ಲಿ ಮನುಷ್ಯ ಪಾತ್ರಗಳ ಜೊತೆ ಬದುಕುವವರು. ಅರ್ನಿ, ಬರ್ಟ್, ಗ್ರೋವರ್, ಸುದ್ದಿಗಾರ ಕಪ್ಪೆ ಕರ್ಮಿಟ್, 1972ರಲ್ಲಿ ಬಂದ ಕೌಂಟ್ ಮುಖ್ಯವಾಗಿ ತುಣುಕುಗಳವರು. ಕೆಲವೇ ನಿಮಿಷಗಳ ಈ ಪ್ರಹಸನಗಳು ಬೇರೆಯಾಗಿ ಚಿತ್ರೀಕರಣಗೊಂಡು ದಾಸ್ತಾನಿಗೆ ಸೇರುತ್ತಿದ್ದವು. ಅಲ್ಲಿಂದ ಬೇಕಾದ ಕಂತಿಗೆ, ಬೇಕಾದಷ್ಟು ಸಲ ಹೊರಬರುತ್ತಿದ್ದವು. ಜಾಹೀರಾತುಗಳು ಮಕ್ಕಳ ನಾಲಗೆಯ ಮೇಲೆ ನಿಲ್ಲುವುದನ್ನು ಕಂಡ ಕೂನಿ ಮತ್ತು ಸಂಗಡಿಗರು ಅದೇ ದಾರಿಯಲ್ಲಿ ಅಕ್ಷರ, ಅಂಕಿಗಳನ್ನು ಕಲಿಸಲು ಹೊರಟಿದ್ದರು. ಮತ್ತೆ ಮತ್ತೆ ನೋಡಿದ ಮಗು ಮುಂದಿನ ಅಕ್ಷರವನ್ನು ತೆರೆಗಿಂತ ಮೊದಲೇ ಹೇಳುತ್ತದೆ ಎಂಬುದು ನಟ ಜೇಮ್ಸ್ ಅರ್ಲ್ ಜೋನ್ಸ್ ವರ್ಣಮಾಲೆ ಹೇಳುವ ತುಣುಕಿನಲ್ಲಿ ಸ್ಪಷ್ಟವಾಗಿ ಕಂಡಿತ್ತು.

ಹೀಗಾಗಿ ಹಳೆಯ ಗೊಂಬೆಯ ಹೊತ್ತಿಗೆ ಎರಡು ಖಾತೆಗಳು: ಆ ವರ್ಷ ಹೊಸದಾಗಿ ಚಿತ್ರೀಕರಿಸಿದ್ದು ಒಂದು, ದಾಸ್ತಾನಿನಿಂದ ಮರಳಿ ಬಂದದ್ದು ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಮೊತ್ತ ಹೇಳುವುದು ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ. ಅದರಿಂದಾಗಿಯೇ ಅರ್ನಿ ಮತ್ತು ಬರ್ಟ್ ಇಪ್ಪತ್ತೊಂದನೆಯ ಶತಮಾನದಲ್ಲಿ ಇದ್ದಕ್ಕಿದ್ದಂತೆ ಕಾಣೆಯಾದಂತೆ ತೋರುತ್ತದೆ. ಅವರ ಹೊಸ ಖಾತೆ ಸೊರಗಲು ಶುರುವಾಗಿದ್ದು ಅದಕ್ಕೂ ಮೊದಲೇ.

ಕಾರಣ, ಗೊಂಬೆಯ ಒಳಗಿನ ಕೈ. ಅರ್ನಿ ಹೆನ್ಸನ್ ಅವರದು, ಬರ್ಟ್ ಫ್ರಾಂಕ್ ಆಜ್ ಅವರದು. ಈ ಜೋಡಿಯ ಪ್ರಹಸನಗಳ ಜೀವ ಆ ಇಬ್ಬರು ಕಲಾವಿದರ ಹೊಂದಾಣಿಕೆಯಲ್ಲಿತ್ತು. ಅರ್ನಿಯ ತುಂಟ ನಗು, ಬರ್ಟ್‌ನ ಹುಬ್ಬುಗಂಟು ಒಂದಕ್ಕೊಂದು ಉತ್ತರವಾಗಿದ್ದವು. ಮಕ್ಕಳ ಟೆಲಿವಿಷನ್ ಇದಕ್ಕಿಂತ ಒಳ್ಳೆಯ ಜೋಡಿಯನ್ನು ಕಂಡಿಲ್ಲ. ಹೆನ್ಸನ್ 1990ರ ಮೇ 16ರಂದು ತೀರಿಕೊಂಡರು. ಸ್ಟೀವ್ ವಿಟ್ಮೈರ್ 1993ರಲ್ಲಿ ಅರ್ನಿಯನ್ನು ವಹಿಸಿಕೊಂಡರು. ಸಿನಿಮಾ ನಿರ್ದೇಶನದತ್ತ ಸರಿದಿದ್ದ ಆಜ್ ಬಿಡುವಾದಾಗ ಮಾತ್ರ ಬರುತ್ತಿದ್ದರು. ಮುಂದೆ ಬರ್ಟ್ ಮತ್ತು ಗ್ರೋವರ್ ಎರಿಕ್ ಜೇಕಬ್‌ಸನ್ ಅವರ ಕೈಗೆ, ಕುಕಿ ಮಾನ್‌ಸ್ಟರ್ ಡೇವಿಡ್ ರಡ್‌ಮನ್ ಅವರ ಕೈಗೆ ಬಂದವು. 1990ರ ದಶಕದ ಮಕ್ಕಳು ಅರ್ನಿ ಮತ್ತು ಬರ್ಟ್‌ರನ್ನು ಧಾರಾಳವಾಗಿ ನೋಡಿದರು ನಿಜ. ನೋಡಿದ್ದು ಬಹುಪಾಲು ತಾವು ಹುಟ್ಟುವುದಕ್ಕೂ ಹಿಂದಿನ ತುಣುಕುಗಳನ್ನು.

ಬಿಗ್ ಬರ್ಡ್‌ನ ಕಥೆಯೂ ದೇಹದ್ದೇ. ಎಂಟು ಅಡಿ ಎರಡು ಇಂಚಿನ ಆ ಹಕ್ಕಿಯೊಳಗೆ ಕ್ಯಾರಲ್ ಸ್ಪಿನ್ನಿ ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ಕೊಕ್ಕು, ಕಣ್ಣುಗಳನ್ನು ಆಡಿಸುತ್ತಿದ್ದರು. ಎಡಗೈ ಎಡ ರೆಕ್ಕೆಗೆ. ಬಲ ರೆಕ್ಕೆ ಕುತ್ತಿಗೆಯ ಬಳಿ ಹಾಯ್ದ ಮೀನುಗಾರಿಕೆಯ ದಾರದಿಂದ ಎಡ ರೆಕ್ಕೆಗೆ ಎದುರಾಗಿ ಏರಿಳಿಯುತ್ತಿತ್ತು. ಹೊರಗಿನದು ಕಾಣುತ್ತಿದ್ದದ್ದು ಎದೆಗೆ ಕಟ್ಟಿಕೊಂಡ ಪುಟ್ಟ ಪರದೆಯಲ್ಲಿ ಮಾತ್ರ. ಇಂಥ ಗೊಂಬೆಗೆ ದಿನಕ್ಕೆ ಇಷ್ಟೇ ಹೊತ್ತು ಎಂಬ ಮಿತಿಯನ್ನು ಮೊದಲು ಹಾಕುವುದು ಭುಜ. ಮ್ಯಾಟ್ ವೋಗೆಲ್ 1990ರ ದಶಕದಿಂದಲೇ ತಯಾರಾಗುತ್ತ ಬಂದು, 2015ರಿಂದ ಹಕ್ಕಿಯನ್ನು ಆಡಿಸುವ ಕೆಲಸ ವಹಿಸಿಕೊಂಡರು; ದನಿ ಸ್ಪಿನ್ನಿ ಅವರದೇ ಆಗಿತ್ತು. ಸ್ಪಿನ್ನಿ 2018ರಲ್ಲಿ ನಿವೃತ್ತರಾಗಿ ಮರುವರ್ಷ ನಿಧನರಾದರು. ಬಿಗ್ ಬರ್ಡ್‌ನ ಗೆಳೆಯ ಸ್ನಫಲಪಗಸ್ ಅನ್ನು ಆಡಿಸಲು ಇಬ್ಬರು ಬೇಕು, ನಡೆದಾಡಲು ದೊಡ್ಡ ನೆಲ ಬೇಕು. ಹದಿನಾಲ್ಕು ವರ್ಷ ದೊಡ್ಡವರ ಕಣ್ಣಿಗೆ ಬೀಳದೆ ಇದ್ದ ಅದು 1985ರಲ್ಲಿ ಎಲ್ಲರಿಗೂ ಕಂಡಿತು. ದೌರ್ಜನ್ಯಕ್ಕೆ ಒಳಗಾದ ಮಗು ಹೇಳಿದ್ದನ್ನು ದೊಡ್ಡವರು ನಂಬುವುದಿಲ್ಲ ಎಂಬ ತಪ್ಪು ಪಾಠ ಹೋಗಬಾರದು ಎಂಬ ಕಾಳಜಿ ಆ ಬದಲಾವಣೆಯ ಹಿಂದಿತ್ತು. ಒಂದು ಗೊಂಬೆ ಯಾವ ದೃಶ್ಯಗಳಲ್ಲಿ ಇರಬಹುದು ಎಂಬುದು ಇಷ್ಟು ಗಂಭೀರ ಕಾರಣಕ್ಕೆ ಬದಲಾದ ಉದಾಹರಣೆ ಅಪರೂಪ.

ಎಲ್ಮೊ ಬರುವುದು ಈ ಹಿನ್ನೆಲೆಯಲ್ಲಿ. ಹಿಂದಿನ ಸಾಲಿನಲ್ಲಿ ಹೆಸರಿಗಷ್ಟೇ ಇದ್ದ ಕೆಂಪು ಗೊಂಬೆಗೆ 1980ರ ದಶಕದ ನಡುವಿನಲ್ಲಿ ಕೆವಿನ್ ಕ್ಲ್ಯಾಶ್ ಹೊಸ ದನಿ ಕೊಟ್ಟರು. ಕಚಗುಳಿಯಿಟ್ಟರೆ ನಗುವ ಎಲ್ಮೊ ಆಟಿಕೆಗೆ ಅಂಗಡಿಗಳಲ್ಲಿ ನೂಕುನುಗ್ಗಲಾದದ್ದು 1996ರಲ್ಲಿ. ‘ಎಲ್ಮೋಸ್ ವರ್ಲ್ಡ್’ ಕಂತಿನ ಕೊನೆಯ ಕಾಲು ಗಂಟೆಯನ್ನು ಹಿಡಿದದ್ದು 1998ರಲ್ಲಿ. ಈ ಅನುಕ್ರಮವೇ ಮಾರುಕಟ್ಟೆ ವಾದಕ್ಕೆ ಆಧಾರ. ಆದರೆ ವಯಸ್ಸನ್ನು ನೋಡಬೇಕು. ಕಾರ್ಯಕ್ರಮ ಕಟ್ಟಿದ್ದು ಮೂರರಿಂದ ಐದು ವರ್ಷದವರಿಗೆ. ಬಿಗ್ ಬರ್ಡ್‌ಗೆ ಆರು. 1990ರ ದಶಕಕ್ಕೆ ಟಿವಿಯ ಮುಂದೆ ಎರಡು ವರ್ಷದವರೂ ಕುಳಿತಿದ್ದರು, ಎಲ್ಮೊಗೆ ಮೂರೂವರೆ. ‘ಬಾರ್ನಿ’ ಆ ಎಳೆಯರನ್ನು ಸೆಳೆದಿತ್ತು. 1996ರ ‘ಬ್ಲೂಸ್ ಕ್ಲೂಸ್’ ಅರ್ಧ ಗಂಟೆಯಲ್ಲಿ ಒಂದೇ ಕಥೆ ಹೇಳಿ ಗೆದ್ದಿತ್ತು. ಹಳೆಯ ಮಾದರಿಯಲ್ಲಿ ಗಂಟೆಯ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಎಳೆಯರ ಗಮನ ಸೋಲುತ್ತಿತ್ತು. ದಿನವೂ ಒಂದೇ ಕ್ರಮದಲ್ಲಿ ಬರುವ, ನಿಧಾನವಾಗಿ ನಡೆಯುವ ‘ಎಲ್ಮೋಸ್ ವರ್ಲ್ಡ್’ ಅದಕ್ಕೆ ಕಂಡುಕೊಂಡ ಉತ್ತರ.

ನಿಜವಾದ ತಿರುವು 2002ರದು. ಅಲ್ಲಿಯವರೆಗೆ ಬೀದಿಯ ಕಥೆಯ ನಡುನಡುವೆ ತುಣುಕುಗಳು ಬರುತ್ತಿದ್ದವು. ಆ ವರ್ಷದಿಂದ ಕಥೆಯನ್ನು ಒಂದೇ ಉಸಿರಿಗೆ ಹೇಳಿ, ಉಳಿದ ಹೊತ್ತನ್ನು ನಿಗದಿತ ವಿಭಾಗಗಳಿಗೆ ಹಂಚಲಾಯಿತು. ದಿನದ ಅಂಕಿ ಕೌಂಟ್‌ಗೆ, ದಿನದ ಅಕ್ಷರ ಕುಕಿ ಮಾನ್‌ಸ್ಟರ್‌ಗೆ, ಬಿಗ್ ಬರ್ಡ್ ಅರ್ನಿಯನ್ನು ಹುಡುಕುವ ಆಟ ಮತ್ತೊಂದು. ಹಳೆಯ ಗೊಂಬೆಗಳಿಗೆ ಕಾಯಂ ಜಾಗ ಸಿಕ್ಕಿತು ಎಂದು ಕಂಡರೂ ದಾಸ್ತಾನಿನ ಬಾಗಿಲು ಕಿರಿದಾಯಿತು. ವಿಭಾಗವಿಲ್ಲದವರಿಗೆ ಹೊತ್ತಿಲ್ಲ. ಅರ್ನಿ ಮತ್ತು ಬರ್ಟ್ 2008ರಲ್ಲಿ ಜೇಡಿಮಣ್ಣಿನ ಅನಿಮೇಷನ್ ಆಗಿ ಮರಳಿದರು. ಅದರಲ್ಲಿ ಸಾಹಸವಿತ್ತು, ಒಂದೇ ಕೋಣೆಯಲ್ಲಿ ಇಬ್ಬರು ಕುಳಿತು ಜಗಳವಾಡುವ ಸೊಗಸು ಇರಲಿಲ್ಲ.

ಕುಕಿ ಮಾನ್‌ಸ್ಟರ್‌ನ ಏಳುಬೀಳು ಮಾರುಕಟ್ಟೆ ವಾದಕ್ಕೆ ಒಳ್ಳೆಯ ಉತ್ತರ. ಮಕ್ಕಳ ಸ್ಥೂಲಕಾಯದ ಚಿಂತೆ ಬಲವಾದಾಗ, 2005ರಲ್ಲಿ, ಕುಕಿ ಆಗೊಮ್ಮೆ ಈಗೊಮ್ಮೆ ತಿನ್ನುವಂಥದು ಎಂಬುದನ್ನು ಅದು ಕಲಿಯಿತು. ಮುಂದೆ ಆಸೆಯನ್ನು ತಡೆದುಕೊಳ್ಳುವುದು, ಕಾಯುವುದು ಪಠ್ಯಕ್ರಮದ ಕೇಂದ್ರಕ್ಕೆ ಬಂದಾಗ ತಡೆದುಕೊಳ್ಳಲಾರದ ಗೊಂಬೆಗಿಂತ ತಕ್ಕ ಪಾತ್ರ ಬೇರೆ ಇರಲಿಲ್ಲ. 2013ರ ಸಿನಿಮಾ ಅಣಕಗಳ ವಿಭಾಗ, 2017ರ ಅಡುಗೆ ಟ್ರಕ್ ವಿಭಾಗ ಎರಡೂ ಅದರ ಹೊತ್ತನ್ನು ಹೆಚ್ಚಿಸಿದವು. ಮೊದಲ ಸೀಸನ್‌ನ ಗೊಂಬೆಯೊಂದು ಐವತ್ತರ ಹೊಸ್ತಿಲಲ್ಲಿ ಮತ್ತೆ ಮುಂದಿನ ಸಾಲಿಗೆ ಬಂದದ್ದು ಕಲಿಸಬೇಕಾದ ವಿಷಯದಿಂದ.

ಒಡೆತನದ ಪಾತ್ರ ಚಿಕ್ಕದಾದರೂ ಖಚಿತ. 2000ದಲ್ಲಿ ‘ಸೆಸಮಿ’ ಗೊಂಬೆಗಳನ್ನು ವರ್ಕ್‌ಶಾಪ್ ಕೊಂಡುಕೊಂಡಿತು. ಕರ್ಮಿಟ್ ಅದರಲ್ಲಿ ಸೇರಿರಲಿಲ್ಲ. 2004ರಲ್ಲಿ ಅದು ಡಿಸ್ನಿಯ ಪಾಲಾದ ಮೇಲೆ ಬೀದಿಗೆ ಅಪರೂಪದ ಅತಿಥಿಯಾಯಿತು. ಹೊರದೇಶಗಳಲ್ಲಿ ದಾಸ್ತಾನಿಗೆ ಇನ್ನೊಂದು ಆಯಸ್ಸು ಸಿಕ್ಕಿತು: ಬೀದಿ ಆಯಾ ದೇಶದ್ದು, ಜೊತೆಗೆ ಮೂಲದ ತುಣುಕುಗಳ ಡಬ್ಬಿಂಗ್. ಜರ್ಮನಿಯಲ್ಲಿ 1973ರಿಂದ ಅರ್ನಿ ಮತ್ತು ಬರ್ಟ್ ಮನೆಮಾತಾದದ್ದು ಈ ದಾರಿಯಿಂದ. ಭಾರತದಲ್ಲಿ 2006ರಲ್ಲಿ ಬಂದ ಹಿಂದಿಯ ‘ಗಲ್ಲಿ ಗಲ್ಲಿ ಸಿಮ್ ಸಿಮ್’ನಲ್ಲಿ ಚಮ್ಕಿ, ಬೂಂಬಾ, ಗೂಗ್ಲಿ ಮುಂದೆ ನಿಂತರು. ಪೋಗೊ ಮತ್ತು ದೂರದರ್ಶನ ನೋಡುತ್ತಿದ್ದ ಕನ್ನಡದ ಮಕ್ಕಳಿಗೆ ಬಿಗ್ ಬರ್ಡ್‌ಗಿಂತ ಚಮ್ಕಿ ಹತ್ತಿರವಾದದ್ದು ಸಹಜ.

ಎಚ್‌ಬಿಒ ಕಾಲದ ಅರ್ಧ ಗಂಟೆಯಲ್ಲಿ ಎಲ್ಮೊ, ಕುಕಿ ಮಾನ್‌ಸ್ಟರ್, ಗ್ರೋವರ್ ಮತ್ತು 2006ರಲ್ಲಿ ಬಂದ ಆಬಿ ಕಡಾಬಿ ಮುಂದೆ ನಿಂತರು. ಹಾಡಿನ ಬಾಬ್ ಮಗ್ರಾತ್ ಅವರಂಥ ಹಿರಿಯ ಮನುಷ್ಯ ನಟರೇ 2016ರಲ್ಲಿ ತಂಡದಿಂದ ಹೊರಗಾದರು. 2022ರ ಆಗಸ್ಟ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಸುಮಾರು 200 ಹಳೆಯ ಕಂತುಗಳನ್ನು ತೆಗೆದುಹಾಕಿತು. ತೆರೆಯ ಹೊತ್ತಿನ ಚರಿತ್ರೆಯಲ್ಲಿ ಎಲ್ಮೊ ತಂದ ಯಾವ ಬದಲಾವಣೆಗಿಂತಲೂ ಇದು ದೊಡ್ಡ ಕಡಿತ, ಆದರೂ ಅದಕ್ಕೆ ಸಿಕ್ಕ ಗಮನ ಕಡಿಮೆ. ಹೊಸದಾಗಿ ಎಷ್ಟು ನಿಮಿಷ ಚಿತ್ರೀಕರಿಸಿದರು ಎಂಬಷ್ಟೇ ಮುಖ್ಯವಾದದ್ದು ಹಳೆಯದರಲ್ಲಿ ಎಷ್ಟು ನಿಮಿಷ ಇಂದಿನ ಮಗುವಿಗೆ ಸಿಗುತ್ತದೆ ಎಂಬುದು. 2025ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಆದ ಒಪ್ಪಂದದಲ್ಲಿ ಪ್ರತಿ ಕಂತಿಗೆ 11 ನಿಮಿಷದ ಒಂದು ಕಥೆ ಕೇಂದ್ರವಾಗಿದೆ; ಹೊಸ ಕಂತುಗಳು ಅದೇ ದಿನ ಸಾರ್ವಜನಿಕ ವಾಹಿನಿ ಪಿಬಿಎಸ್‌ನಲ್ಲೂ ಬರುತ್ತವೆ; ಹಿಂದಿನ ಕಂತುಗಳಿಂದ 90 ಗಂಟೆಗಳನ್ನು ಸೇರಿಸಲಾಗಿದೆ. ಆ 90 ಗಂಟೆ, ಮೊದಲ ಸೀಸನ್ ಒಂದರ ಉದ್ದಕ್ಕಿಂತಲೂ ಕಡಿಮೆ.