ಹಳೆಯ ಭೂಪಟಗಳಲ್ಲಿ ಉಮ್ಮಚಗಿ ಸೀಮೆ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿಗೆ ಸೇರಿದ ಉಮ್ಮಚಗಿಯು ಶಿರಸಿ-ಯಲ್ಲಾಪುರ ಮಾರ್ಗದಲ್ಲಿರುವ ಕೃಷಿಪ್ರಧಾನವಾದ ಗ್ರಾಮ. ಸುತ್ತಲೂ ಕಾಡು, ಕಣಿವೆಗಳಲ್ಲಿ ಅಡಕೆಯ ತೋಟ, ಅಲ್ಲಲ್ಲಿ ಭತ್ತದ ಗದ್ದೆ. ರಾಜಧಾನಿಗಳ ಇತಿಹಾಸವನ್ನು ಶಾಸನಗಳೂ ಕಾವ್ಯಗಳೂ ಕಾಪಾಡಿಕೊಂಡು ಬಂದಿವೆ. ಆದರೆ ಇಂತಹ ಹಳ್ಳಿಗಾಡಿನ ಪೂರ್ವವೃತ್ತಾಂತವನ್ನು ಅರಿಯಬಯಸುವವರಿಗೆ ಆಧಾರಗಳು ವಿರಳ. ಆ ವಿರಳ ಆಧಾರಗಳಲ್ಲಿ, ಇತಿಹಾಸಾಸಕ್ತರ ಗಮನ ಸಾಕಷ್ಟು ಹರಿಯದಿರುವುದೊಂದಿದೆ. ಅದೇ ಹಳೆಯ ಸರ್ವೆ ಭೂಪಟ.

ಘಟ್ಟದ ಮೇಲಿನ ಈ ಪ್ರದೇಶವು ಸ್ವಾದಿಯ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಸುಧಾಪುರ, ಸೋದೆ, ಸೋಂದಾ ಎಂದೆಲ್ಲ ಕರೆಯಲ್ಪಡುವ ಆ ಕ್ಷೇತ್ರದ ಜೈನಮಠವು ಸಮಾಜ ಬಾಂಧವರೆಲ್ಲರಿಗೂ ಪರಿಚಿತವೇ ಆಗಿದೆ. 1763ರ ಸುಮಾರಿಗೆ ಸ್ವಾದಿಯು ಹೈದರಾಲಿಯ ವಶವಾಯಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಕಂಪನಿ ಸರಕಾರಕ್ಕೆ ಸೇರಿತು. ಮರುವರ್ಷಗಳಲ್ಲೇ, ಅಂದರೆ 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಹಾದುಹೋಗಿ ಅಡಕೆ, ಮೆಣಸುಗಳ ಬೇಸಾಯವನ್ನು ವಿವರವಾಗಿ ಬರೆದಿಟ್ಟನು. ಆತನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಬಳಿಕ 1810ರ ದಶಕದಲ್ಲಿ ಜೇಮ್ಸ್ ಗಾರ್ಲಿಂಗ್ ಎಂಬ ಮೋಜಣಿ ಅಧಿಕಾರಿಯು ಗೋವೆಯ ಕೆಲಸ ಮುಗಿಸಿ ಸೋಂದಾ ಪ್ರಾಂತ್ಯವನ್ನು ಅಳೆದನು.

ಈ ಮೋಜಣಿಗಳ ಹಿಂದಿದ್ದ ಮುಖ್ಯ ವ್ಯಕ್ತಿ ಕರ್ನಲ್ ಕಾಲಿನ್ ಮೆಕೆಂಜಿ. ಮೈಸೂರು ಸೀಮೆಯ ಸರ್ವೆಯನ್ನು ನಡೆಸಿ, 1810ರಲ್ಲಿ ಮದ್ರಾಸಿನ, 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ ಈತನು ನೆಲವನ್ನು ಅಳೆದಷ್ಟಕ್ಕೇ ತೃಪ್ತನಾಗಲಿಲ್ಲ. ಊರೂರಿನ ಶಾಸನ, ಕೈಫಿಯತ್ತು, ಓಲೆಗರಿಗಳನ್ನೂ ಕಲೆಹಾಕಿಸಿದನು. ಹಳಗನ್ನಡ ಶಾಸನಗಳನ್ನು ಆತನಿಗೆ ಓದಿ ಹೇಳಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಚಿತ್ರಕಾರ ಥಾಮಸ್ ಹಿಕಿ 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಓಲೆಗರಿ ಹಿಡಿದು ನಿಂತಿರುವವರು ಧರ್ಮಯ್ಯನವರೆಂದು ಗುರುತಿಸಲಾಗಿದೆ. ಹಿನ್ನೆಲೆಯಲ್ಲಿ ಗೊಮ್ಮಟ ಮೂರ್ತಿಯೂ ಇದೆ. ದಕ್ಷಿಣ ಭಾರತದ ಭೂಪಟ ನಿರ್ಮಾಣವೆಂದರೆ ಕೇವಲ ಆಂಗ್ಲರ ಸರಪಣಿ, ದುರ್ಬೀನುಗಳ ಸಾಧನೆಯೆಂದು ಬಗೆಯುವವರು ಈ ಚಿತ್ರವನ್ನೊಮ್ಮೆ ನೋಡಬೇಕು. ಅಳತೆ ಅವರದಾದರೂ ಹೆಸರುಗಳು ಈ ನೆಲದವರ ಬಾಯಿಂದಲೇ ಬಂದವು. ಭೂಪಟದ ಅಂಚಿನಲ್ಲಿ ಮಾತ್ರ ಧರ್ಮಯ್ಯನಂತಹವರ ಹೆಸರು ಅಚ್ಚಾಗಲಿಲ್ಲ.

1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ವರ್ಗವಾಯಿತು. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಒಂದೇ ಊರಿನ ಕಾಗದಪತ್ರಗಳಿಗಾಗಿ ಸಂಶೋಧಕನು ಒಮ್ಮೆ ಮದ್ರಾಸಿನತ್ತ, ಒಮ್ಮೆ ಮುಂಬಯಿಯತ್ತ ಮುಖಮಾಡಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯು ಒಂದು ಮೈಲಿಗೆ ಒಂದು ಅಂಗುಲದಂತೆ ಬಣ್ಣದ ಹಾಳೆಗಳನ್ನು ಹೊರತಂದಿತು. ಹದಿನಾಲ್ಕರಿಂದ ಹದಿನೈದು ಅಕ್ಷಾಂಶ, ಎಪ್ಪತ್ತನಾಲ್ಕರಿಂದ ಎಪ್ಪತ್ತೈದು ರೇಖಾಂಶಗಳ ನಡುವಣ ಭೂಭಾಗಕ್ಕೆ 48 ಜೆ ಎಂದು ಗುರುತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸೋಂದಾ, ಉಮ್ಮಚಗಿ ಎಲ್ಲವೂ ಇದರೊಳಗೇ ಬರುತ್ತವೆ. ಈ ಗುರುತಿನಡಿಯಲ್ಲಿ ಹದಿನಾರು ಹಾಳೆಗಳಿದ್ದು, ಒಂದೊಂದೂ ದಕ್ಷಿಣೋತ್ತರವಾಗಿ ಸುಮಾರು ಹದಿನೇಳು ಮೈಲಿಯಷ್ಟು ನೆಲವನ್ನು ತೋರಿಸುತ್ತದೆ.

ಕಾಡಿಗೆ ಹಸಿರು, ಸಾಗುವಳಿಗೆ ಹಳದಿ, ನೀರಿಗೆ ನೀಲಿ, ಎತ್ತರವನ್ನು ಸೂಚಿಸುವ ಗೆರೆಗಳಿಗೆ ಕಂದು. ಈ ಸೀಮೆಯ ಹಾಳೆಯಲ್ಲಿ ಹಸಿರೇ ಹೆಚ್ಚು. ಹಳ್ಳಗಳ ನೀಲಿಗೆರೆಯ ಮಗ್ಗುಲಲ್ಲಿ ಸಾಗುವಳಿಯ ಭೂಮಿ ಕಿರಿದಾದ ಪಟ್ಟಿಗಳಾಗಿ ಹರಿದಿದೆ. ಆದರೆ ಆ ಹಸಿರೆಲ್ಲವೂ ಒಂದೇ ಅಲ್ಲ. ತೋಟಿಗರಿಗೆ ಕಾನು ಬೇರೆ, ಬೇಣ ಬೇರೆ, ಸೊಪ್ಪಿನ ಬೆಟ್ಟ ಬೇರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ದೊರೆತುದು ಈ ಜಿಲ್ಲೆಯ ಅರಣ್ಯ ವ್ಯವಸ್ಥೆಯ ವೈಶಿಷ್ಟ್ಯ. ಆ ಬೆಟ್ಟದ ಸೊಪ್ಪು, ದರಕುಗಳಿಲ್ಲದೆ ತೋಟಕ್ಕೆ ಗೊಬ್ಬರವಿಲ್ಲ. ಭೂಪಟವು ಮರವನ್ನು ಕಂಡಿತು, ಹಕ್ಕನ್ನು ಕಾಣಲಿಲ್ಲ. 1970ರ ದಶಕದ ಕೊನೆಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಬಂದಾಗ ಇದೇ ಪ್ರಶ್ನೆ ಎದುರಾಯಿತು. ನೀರು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಕಂದು ಗೆರೆಗಳು ಹೇಳಬಲ್ಲವು. ಮುಳುಗುವ ತೋಟದ ಬೆಲೆಯನ್ನು ಹೇಳಲಾರವು. 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರಸಂಕಿರಣದಲ್ಲಿ ಕೃಷಿಕರೂ ವಿಜ್ಞಾನಿಗಳೂ ಆ ಲೆಕ್ಕವನ್ನು ಮುಂದಿಟ್ಟರು. ಯೋಜನೆಯು ಮುಂದೆ ಕೈಬಿಡಲ್ಪಟ್ಟಿತು.

ಹಾಳೆಯ ಅಡಿಯಲ್ಲಿರುವ ಚಿಹ್ನೆಗಳ ಪಟ್ಟಿಯಲ್ಲಿ ಜನವಸತಿಯಿರುವ ಗ್ರಾಮಕ್ಕೊಂದು, ಪಾಳುಬಿದ್ದ ಗ್ರಾಮಕ್ಕೊಂದು ಗುರುತಿದೆ. ಮಲೇರಿಯಾ ಜ್ವರದ ಹಾವಳಿಯಿಂದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಜನ ಕ್ಷೀಣಿಸಿದ ಕಾಲದ ನೆನಪು ಇನ್ನೂ ಮಾಸಿಲ್ಲವಾದ್ದರಿಂದ ಈ ಎರಡನೆಯ ಗುರುತನ್ನು ಎಚ್ಚರದಿಂದ ಅರಸಬೇಕು. ದೇವಸ್ಥಾನಕ್ಕೊಂದು ಚಿಹ್ನೆಯಿದೆ, ಬಸದಿಗೆಂದು ಪ್ರತ್ಯೇಕ ಚಿಹ್ನೆಯಿಲ್ಲ. ಹೀಗಾಗಿ ಕಾಡಿನ ನಡುವೆ ಒಂಟಿಯಾಗಿ ಕಾಣುವ ದೇಗುಲದ ಗುರುತು ಯಾವುದೆಂಬುದನ್ನು ಅಲ್ಲಿಗೇ ಹೋಗಿ ನೋಡದೆ ನಿರ್ಣಯಿಸುವಂತಿಲ್ಲ. ಸ್ಥಳನಾಮಗಳು ಕೆಲಮಟ್ಟಿಗೆ ಸಹಾಯಕ್ಕೆ ಬರುತ್ತವೆ. ಆದರೂ ‘ಬಸ್ತಿ’ ಎಂಬ ಶಬ್ದ ಕಂಡೊಡನೆ ಜಿನಾಲಯವಿತ್ತೆಂದು ಹಿಗ್ಗುವುದು ತರವಲ್ಲ. ಕನ್ನಡದಲ್ಲಿ ಅದು ಬಸದಿಯ ತದ್ಭವವಾದರೆ ಹಿಂದುಸ್ತಾನಿಯಲ್ಲಿ ಜನವಸತಿ ಎಂದೇ ಅರ್ಥ. ಸ್ಥಳೀಯ ಉಚ್ಚಾರವೂ ಶಿಲ್ಪಾವಶೇಷವೂ ಜೊತೆಗೂಡಿದಾಗಲೇ ಆ ಹೆಸರಿಗೆ ಪ್ರಮಾಣ ದೊರೆಯುವುದು.

2017ರಿಂದ ಇಲಾಖೆಯು ತನ್ನ ಮುಕ್ತ ಶ್ರೇಣಿಯ ಹಾಳೆಗಳನ್ನು ಗಣಕಯಂತ್ರದ ಮೂಲಕ ನಾಗರಿಕರಿಗೆ ಉಚಿತವಾಗಿ ಒದಗಿಸತೊಡಗಿತು. ಹಳೆಯ ಅಂಗುಲದ ಹಾಳೆಯನ್ನೂ ಈ ಹೊಸ ಹಾಳೆಯನ್ನೂ ಒತ್ತಟ್ಟಿಗಿಟ್ಟರೆ ಅಳಿದ ಕಾಲುದಾರಿ, ಹೂಳಿದ ಕೆರೆ, ಹೆಸರು ಬದಲಾದ ಕೇರಿಗಳು ಎದ್ದು ಕಾಣುತ್ತವೆ. ಊರಿನ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಇನ್ನೂ ಒಳಿತು. ಒಂದು ಮಾತನ್ನು ಮಾತ್ರ ನೆನಪಿಡಬೇಕು. ಕದಂಬರ ಬನವಾಸಿಯು ಎಪ್ಪತ್ತೈದನೆಯ ರೇಖಾಂಶದಿಂದ ಸ್ವಲ್ಪವೇ ಪೂರ್ವಕ್ಕಿರುವುದರಿಂದ 48 ಜೆ ಗುರುತಿನ ಹಾಳೆಗಳಲ್ಲಿ ಸಿಗುವುದಿಲ್ಲ; ಅದು ನೆರೆಯ 48 ಎನ್ ಗುರುತಿಗೆ ಸೇರಿದೆ. ಸ್ವಾದಿಯಿಂದ ಬನವಾಸಿಗೆ ಹೋದ ಹಳೆಯ ದಾರಿಯನ್ನು ಅರಸುವವರು ಎರಡು ಹಾಳೆಗಳ ಅಂಚನ್ನು ಜೋಡಿಸಿಕೊಂಡೇ ಕುಳಿತುಕೊಳ್ಳಬೇಕು.