ಬಾರಕೂರಿನ ಹತ್ತು ಕೇರಿಗಳು: ನಡೆದು ತಿಳಿಯಬೇಕಾದ ಇತಿಹಾಸ

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳಿಗೆ ಊರಿನ ಯಾತ್ರೆಯೆಂಬುದು ವರ್ಷಕ್ಕೊಮ್ಮೆ ಒದಗಿಬರುವ ಸುಯೋಗ. ವಿಕ್ರೋಳಿಯಿಂದ ಹೊರಟು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಏರಿದವರು ಮರುದಿನ ಬೆಳಿಗ್ಗೆ ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿಯುತ್ತಾರೆ. ಶ್ರೀಕೃಷ್ಣನ ದರ್ಶನ, ಅಷ್ಟಮಠಗಳ ಭೇಟಿ, ಕುಲದೇವರ ಸೇವೆ, ಬಂಧುಗಳ ಮನೆಯ ಊಟ ಇವುಗಳಲ್ಲಿಯೇ ರಜೆಯ ದಿನಗಳು ಮುಗಿದುಹೋಗುತ್ತವೆ. ಉಡುಪಿಗೆ ಮೊದಲು ಬರುವ ಬಾರಕೂರು ನಿಲ್ದಾಣವು ಅನೇಕರಿಗೆ ನಸುಕಿನ ನಿದ್ದೆಯಲ್ಲಿಯೇ ದಾಟಿಹೋಗುವ ಒಂದು ಹೆಸರು ಮಾತ್ರ. ಆದರೆ ಆ ಹೆಸರಿನ ಹಿಂದೆ ಒಂದು ರಾಜಧಾನಿಯ, ಒಂದು ರೇವುಪಟ್ಟಣದ ಮತ್ತು ಒಂದು ದೊಡ್ಡ ಪೇಟೆಯ ಶತಮಾನಗಳ ಇತಿಹಾಸವಿದೆ.

ಬಾರಕೂರು ಉಡುಪಿಯ ಉತ್ತರಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿ, ಸೀತಾನದಿಯ ಬಳಿ, ಈಗಿನ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಶಾಸನಗಳಲ್ಲಿ ಇದಕ್ಕೆ ಬಾರಹಕನ್ಯಾಪುರವೆಂಬ ಹೆಸರೂ ಉಂಟು. ತುಳುನಾಡನ್ನು ದೀರ್ಘಕಾಲ ಆಳಿದ ಆಳುಪರ ಹೆಸರು ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿಯೇ ಕಾಣಿಸುತ್ತದೆ. ಮಂಗಳೂರು ಮತ್ತು ಉದ್ಯಾವರಗಳಲ್ಲಿದ್ದ ಅವರ ರಾಜಧಾನಿ ಮುಂದೆ ಬಾರಕೂರಿಗೆ ಬಂದಿತು. ಎರಡು ಮೀನುಗಳ ಲಾಂಛನವುಳ್ಳ, ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹದ ಅವರ ಚಿನ್ನದ ನಾಣ್ಯಗಳು ಆ ಕಾಲದ ಸಂಪತ್ತಿಗೆ ಸಾಕ್ಷಿಯಾಗಿವೆ. ಶ್ರೀಮಧ್ವಾಚಾರ್ಯರು ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿದ ಹದಿಮೂರನೆಯ ಶತಮಾನದಲ್ಲಿ ಈ ನಾಡು ಆಳುಪರ ಆಳ್ವಿಕೆಯಲ್ಲಿಯೇ ಇತ್ತೆಂಬುದು ಸ್ಮರಣಾರ್ಹ. ಮುಂದೆ ಹೊಯ್ಸಳ ಮೂರನೆಯ ವೀರಬಲ್ಲಾಳನ ರಾಣಿಯಾದ ಚಿಕ್ಕಾಯಿತಾಯಿ ಬಾರಕೂರಿನಿಂದ ರಾಜ್ಯಭಾರ ನಡೆಸಿದಳು. ವಿಜಯನಗರದ ಕಾಲದಲ್ಲಿ ಕರಾವಳಿಯು ಬಾರಕೂರು ರಾಜ್ಯ, ಮಂಗಳೂರು ರಾಜ್ಯಗಳೆಂದು ಎರಡಾಗಿ ವಿಂಗಡಿಸಲ್ಪಟ್ಟಾಗ ಉತ್ತರ ಭಾಗದ ಆಡಳಿತಕ್ಕೆ ಈ ಊರೇ ಕೇಂದ್ರವಾಯಿತು. ‘ಬಾರಕೂರ ಗದ್ಯಾಣ’ ಎಂಬ ನಾಣ್ಯದ ಹೆಸರು ಅಂದಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಊರಿನ ಹೆಸರೇ ನಾಣ್ಯದ ಹೆಸರಾಗಬೇಕಾದರೆ ಅಲ್ಲಿನ ಪೇಟೆಯ ಮೇಲೆ ಜನರಿಗೆ ಎಷ್ಟು ನಂಬಿಕೆಯಿದ್ದಿರಬೇಕೆಂದು ಊಹಿಸಬಹುದು.

ವಿದೇಶಿ ಪ್ರವಾಸಿಗಳ ಬರಹಗಳೂ ಇದನ್ನೇ ಹೇಳುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಮೊರಾಕ್ಕೋ ದೇಶದ ಇಬ್ನ್ ಬತೂತಾ ‘ಫಾಕನೂರ್’ ಎಂದು ಕರೆದ ಊರು ಬಾರಕೂರೇ ಎಂಬುದು ವಿದ್ವಾಂಸರ ಅಭಿಮತ. ಅದು ಅಳಿವೆಯ ದಡದಲ್ಲಿರುವ ದೊಡ್ಡ ಪಟ್ಟಣವೆಂದೂ, ಅಲ್ಲಿ ಉತ್ತಮವಾದ ಕಬ್ಬು ಹೇರಳವಾಗಿ ಬೆಳೆಯುತ್ತದೆಂದೂ, ಅಲ್ಲಿಯ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವೆಂದೂ ಅವನು ಬರೆದಿದ್ದಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸನಾದ ದುವಾರ್ತೆ ಬಾರ್ಬೋಸಾ ಇಲ್ಲಿಂದ ಹಡಗುಗಳಲ್ಲಿ ಅಕ್ಕಿ ಹೊರದೇಶಗಳಿಗೆ ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ.

ಈ ವ್ಯಾಪಾರವೆಲ್ಲ ನಡೆದುದು ಬಾರಕೂರಿನ ಕೇರಿಗಳಲ್ಲಿ. ಇಲ್ಲಿ ‘ಕೇರಿ’ ಎಂದರೆ ಬರಿಯ ಬೀದಿಯಲ್ಲ. ತನ್ನದೇ ಆದ ದೇವಸ್ಥಾನ, ಕೆರೆ, ವರ್ತಕರು ಮತ್ತು ಕಟ್ಟುಪಾಡುಗಳನ್ನು ಹೊಂದಿದ್ದ ಪೇಟೆಯ ಒಂದು ವಿಭಾಗ. ಶಾಸನಗಳು ಬಾರಕೂರನ್ನು ‘ಹತ್ತು ಕೇರಿ’ಗಳ ಪಟ್ಟಣವೆಂದು ಹೆಸರಿಸುತ್ತವೆ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಭಂಡಾರಕೇರಿ, ರಂಗನಕೇರಿ ಮೊದಲಾದ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಕೋಟೆಕೇರಿಯು ಕೋಟೆಯನ್ನೂ ಭಂಡಾರಕೇರಿಯು ಭಂಡಾರವನ್ನೂ ಹೆಸರಿನಲ್ಲಿಯೇ ಉಳಿಸಿಕೊಂಡಿವೆ. ಪ್ರತಿ ಕೇರಿಯ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಪ್ರಮುಖರ ಸಭೆಗೆ ‘ಹಲರು’ ಎಂದು ಹೆಸರು. ಪರದೇಶಗಳಿಂದ ಬಂದ ವರ್ತಕರ ಸಂಘಕ್ಕೆ ‘ಹಂಜಮಾನ’ ಎನ್ನುತ್ತಿದ್ದರು. ದೇವರ ನಂದಾದೀಪಕ್ಕೆ, ನೈವೇದ್ಯಕ್ಕೆ, ಬ್ರಾಹ್ಮಣ ಭೋಜನಕ್ಕೆ ಯಾರಾದರೂ ಭೂಮಿಯನ್ನೋ ಅಕ್ಕಿಯ ಮುಡಿಗಳನ್ನೋ ಬಿಟ್ಟುಕೊಟ್ಟರೆ ಅದನ್ನು ಕಲ್ಲಿನಲ್ಲಿ ಕೊರೆಸಿ, ನಡೆಸಿಕೊಂಡು ಬರುವ ಹೊಣೆಯನ್ನು ಹಲರಿಗೆ ಒಪ್ಪಿಸುವುದೂ ಉಂಟು. ತುಳು ಮಾತನಾಡುವ ನಾಡಿನಲ್ಲಿ ಈ ದಾಖಲೆಗಳೆಲ್ಲ ಕನ್ನಡದಲ್ಲಿರುವುದು ಗಮನಾರ್ಹ.

ಮಾಧ್ವರಿಗೆ ಈ ಕೇರಿಗಳಲ್ಲಿ ಭಂಡಾರಕೇರಿಯ ಹೆಸರು ಅತ್ಯಂತ ಪರಿಚಿತ. ಶ್ರೀಮಧ್ವಾಚಾರ್ಯರಿಗೆ ಸಂನ್ಯಾಸಾಶ್ರಮವನ್ನಿತ್ತ ಶ್ರೀ ಅಚ್ಯುತಪ್ರೇಕ್ಷರ ಪರಂಪರೆಗೆ ಸೇರಿದ ಶ್ರೀ ಭಂಡಾರಕೇರಿ ಮಠಕ್ಕೆ ಆ ಹೆಸರು ಬಂದುದು ಬಾರಕೂರಿನ ಈ ಕೇರಿಯಿಂದಲೇ. ಮಠದ ಹೆಸರನ್ನು ನಿತ್ಯ ಕೇಳುವ ಮುಂಬಯಿಯ ಎಷ್ಟೋ ಮಂದಿ ಅದು ಒಂದು ಹಳೆಯ ಪೇಟೆಯ ಬೀದಿಯ ಹೆಸರೆಂಬುದನ್ನು ಯೋಚಿಸಿರಲಾರರು.

ಹದಿನಾರನೆಯ ಶತಮಾನದಲ್ಲಿ ಸಮುದ್ರದ ವ್ಯಾಪಾರ ಪೋರ್ಚುಗೀಸರ ಹಿಡಿತಕ್ಕೆ ಸಿಕ್ಕಿತು. 1565ರಲ್ಲಿ ತಾಳಿಕೋಟೆಯ ಯುದ್ಧದ ನಂತರ ವಿಜಯನಗರ ಕುಗ್ಗಿತು. ಅನಂತರ ಬಂದ ಕೆಳದಿ ನಾಯಕರ ರಾಜಧಾನಿ ಘಟ್ಟದ ಮೇಲಿತ್ತು. ಹೀಗೆ ರಾಜಾಶ್ರಯವೂ ಹಡಗುಗಳೂ ದೂರವಾದಾಗ ಪೇಟೆ ಕ್ರಮೇಣ ಹಳ್ಳಿಯಾಯಿತು. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂಬ ಊರಿನವರ ಮಾತಿನಲ್ಲಿ ಆ ಹಿಂದಿನ ವೈಭವದ ನೆನಪು ಉಳಿದಿದೆ.

ಇಂತಹ ಊರನ್ನು ಕಾರಿನಲ್ಲಿ ಕುಳಿತು ನೋಡಲಾಗದು. ಅಲ್ಲೊಂದು ಇಲ್ಲೊಂದು ಎಂಬಂತೆ ಕಾಣುವ ದೇವಸ್ಥಾನಗಳೂ ಬಸದಿಗಳೂ ಕೆರೆಗಳೂ ಒಂದೇ ಪೇಟೆಯ ಅಂಗಗಳೆಂಬುದು ಕೇರಿಯಿಂದ ಕೇರಿಗೆ ನಡೆದವರಿಗೆ ಮಾತ್ರ ತಿಳಿಯುತ್ತದೆ. 2019ರ ಜನವರಿ ಕೊನೆಯ ವಾರದಲ್ಲಿ ಉಡುಪಿ ಜಿಲ್ಲಾಡಳಿತದ ನೇತೃತ್ವದಲ್ಲಿ ಮೂರು ದಿನಗಳ ಕಾಲ ಬಾರಕೂರಿನಲ್ಲಿ ನಡೆದ ‘ಆಳುಪೋತ್ಸವ’ವು ಈ ದೃಷ್ಟಿಯಿಂದ ಮಹತ್ವದ್ದು. ಸಾಂಸ್ಕೃತಿಕ ಕಾರ್ಯಕ್ರಮಗಳ ಜೊತೆಗೆ ಬಲ್ಲವರ ಮಾರ್ಗದರ್ಶನದಲ್ಲಿ ಸ್ಮಾರಕಗಳನ್ನು ನೋಡುವ ಪಾರಂಪರಿಕ ನಡಿಗೆಯೂ ಆ ಉತ್ಸವದ ಅಂಗವಾಗಿತ್ತು. ಮುಂಬಯಿಯವರಿಗೆ ಇದು ಹೊಸತಲ್ಲ. 1999ರಿಂದ ನಡೆದು ಬಂದಿರುವ ಕಾಲಾ ಘೋಡಾ ಉತ್ಸವದಲ್ಲಿ ಕೋಟೆ ಪ್ರದೇಶದ ಕಟ್ಟಡಗಳ ಮುಂದೆ ನಿಂತು ಅವುಗಳ ಚರಿತ್ರೆಯನ್ನು ಕೇಳುವ ಗುಂಪುಗಳನ್ನು ಇಲ್ಲಿಯವರು ಕಂಡಿದ್ದಾರೆ. ಪರರ ಆಳ್ವಿಕೆಯಲ್ಲಿ ಎದ್ದ ನೂರೈವತ್ತು ವರ್ಷಗಳ ಕಟ್ಟಡಕ್ಕೆ ಸಲ್ಲುವ ಗೌರವ ನಮ್ಮ ಪೂರ್ವಿಕರ ಏಳುನೂರು ವರ್ಷಗಳ ಕೇರಿಗೂ ಸಲ್ಲಬೇಕಲ್ಲವೇ?

ಉತ್ಸವದ ದಿನಗಳಲ್ಲದಿದ್ದರೂ ಒಂದು ಕುಟುಂಬ ಅರ್ಧ ದಿನವನ್ನು ಮೀಸಲಿಟ್ಟು ಇಲ್ಲಿ ನಡೆಯಬಹುದು. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿರುವ ಗಜಪೃಷ್ಠಾಕಾರವನ್ನು ಮಕ್ಕಳಿಗೆ ತೋರಿಸಬೇಕು. ಉಡುಪಿಯ ಶ್ರೀ ಅನಂತೇಶ್ವರ ದೇವಸ್ಥಾನವೂ ಇದೇ ಆಕಾರದ್ದೆಂದು ನೆನಪಿಸಿದರೆ ಎರಡು ಊರುಗಳ ನಂಟು ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ. ಮಾಡಿನ ಇಳಿಜಾರು ಕರಾವಳಿಯ ಮಳೆಗೆಂದೇ ರೂಪಿಸಿದ್ದು. ಕತ್ತಲೆ ಬಸದಿಯ ಆವರಣದಲ್ಲಿ ಜೈನರ ಗುಡಿಗಳ ಜೊತೆಗೆ ಶೈವ ವೈಷ್ಣವ ಗುಡಿಗಳೂ ಇರುವುದು ಅಂದಿನ ಪೇಟೆಯಲ್ಲಿ ನಾನಾ ಮತದವರು ಕೂಡಿ ಬಾಳಿದ್ದಕ್ಕೆ ನಿದರ್ಶನ. ಕೋಟೆಯ ಅವಶೇಷಗಳನ್ನು ದಾಟಿ ಹೊಳೆಯ ದಡಕ್ಕೆ ಹೋದರೆ ಕಾಂಡ್ಲಾ ಗಿಡಗಳು ಕಾಣುತ್ತವೆ. ವಿಕ್ರೋಳಿಯ ಪೂರ್ವಕ್ಕೆ ಠಾಣೆ ಖಾರಿಯ ಉದ್ದಕ್ಕೂ ಹಬ್ಬಿರುವ ಕಾಂಡ್ಲಾ ವನವನ್ನು ನೋಡುತ್ತ ಬೆಳೆದ ಮಕ್ಕಳಿಗೆ ಉಪ್ಪುನೀರು ಒಳನಾಡಿನವರೆಗೂ ಹೇಗೆ ಬರುತ್ತದೆ, ಹಡಗು ಊರಿನ ಬಳಿಗೆ ಹೇಗೆ ಬಂದೀತು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ನಡಿಗೆಗೆ ಇನ್ನೂ ಗಂಭೀರವಾದ ಒಂದು ಕಾರಣವಿದೆ. ಕರಾವಳಿಯ ಅನೇಕ ದೇವಸ್ಥಾನಗಳು ಈಚಿನ ದಶಕಗಳಲ್ಲಿ ಜೀರ್ಣೋದ್ಧಾರಗೊಂಡಿವೆ. ಆ ಪುಣ್ಯಕಾರ್ಯಕ್ಕೆ ಮುಂಬಯಿಯ ಭಕ್ತರ ಕಾಣಿಕೆ ಧಾರಾಳವಾಗಿ ಸಂದಿದೆ. ಆದರೆ ಮುರಕಲ್ಲಿನ ಹಳೆಯ ಗೋಡೆಯನ್ನು ಕೆಡವಿ ಹೊಸ ಶಿಲೆಯನ್ನೋ ಕಾಂಕ್ರೀಟನ್ನೋ ಕೂರಿಸುವ ಉತ್ಸಾಹದಲ್ಲಿ ಅಂಗಳದ ಮೂಲೆಯಲ್ಲಿದ್ದ ಶಾಸನದ ಕಲ್ಲು ಮೆಟ್ಟಿಲಾಗುವುದೂ, ಸುಣ್ಣದ ಅಡಿಯಲ್ಲಿ ಅಕ್ಷರಗಳು ಮುಚ್ಚಿಹೋಗುವುದೂ ಕರಾವಳಿಯಲ್ಲಿ ಅಪರೂಪವಲ್ಲ. ಬಾರಕೂರಿನ ಹಲವು ಶಾಸನಗಳ ಪಾಠ 1932ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಗಳ ಏಳನೆಯ ಸಂಪುಟದಲ್ಲಿ ಸೇರಿದೆ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಪಿ. ಗುರುರಾಜ ಭಟ್ಟರು ಊರೂರು ಸುತ್ತಿ, ತುಳುನಾಡಿನ ದೇವಾಲಯಗಳನ್ನೂ ವಿಗ್ರಹಗಳನ್ನೂ ಕಂಡು, 1975ರಲ್ಲಿ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅವರ ಶ್ರಮದಿಂದ ಬಹಳಷ್ಟು ಉಳಿದಿದೆ. ಆದರೆ ಯಾರ ಕಣ್ಣಿಗೂ ಬೀಳದೆ ನಾಶವಾದ ಶಾಸನವನ್ನು ಯಾವ ಗ್ರಂಥವೂ ಮರಳಿ ಕೊಡಲಾರದು.

ಆದ್ದರಿಂದ ಕಾಣಿಕೆ ಕೊಡುವವರು ಒಂದು ಮಾತನ್ನು ವಿನಯದಿಂದ ಕೇಳಬಹುದು: ಕೆಲಸ ಆರಂಭವಾಗುವ ಮೊದಲು ಹಳೆಯ ಕಲ್ಲುಗಳನ್ನೆಲ್ಲ ಗುರುತಿಸಿ, ಛಾಯಾಚಿತ್ರ ತೆಗೆಸಿ, ಅಕ್ಷರವುಳ್ಳವನ್ನು ಬಲ್ಲವರಿಂದ ಓದಿಸಲಾಗಿದೆಯೇ? ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗವು ಮೈಸೂರಿನಲ್ಲಿಯೇ ಇದೆ. ಇದಕ್ಕೆ ತಗಲುವ ವೆಚ್ಚವು ಒಂದು ಬ್ರಹ್ಮಕಲಶೋತ್ಸವದ ಖರ್ಚಿನ ಮುಂದೆ ಅತ್ಯಲ್ಪ. ಆದರೆ ಹೀಗೆ ಕೇಳಬೇಕಾದರೆ ಆ ಕಲ್ಲು ಅಲ್ಲಿದೆಯೆಂಬುದು ಮೊದಲು ತಿಳಿದಿರಬೇಕು. ಅದನ್ನು ತಿಳಿಯಲು ನಡೆದು ನೋಡುವುದಲ್ಲದೆ ಬೇರೆ ದಾರಿಯಿಲ್ಲ.

ಅಂದು ಒಬ್ಬ ದಾನಿಯು ದೇವರ ದೀಪಕ್ಕೆ ಕೊಟ್ಟ ಅಕ್ಕಿಯ ಲೆಕ್ಕವನ್ನು ಕಾಯುವ ಹೊಣೆ ಕೇರಿಯ ಹಲರದಾಗಿತ್ತು. ಇಂದು ಕೇರಿಯವರ ಮಕ್ಕಳು ಮೊಮ್ಮಕ್ಕಳು ಮುಂಬಯಿಯಲ್ಲಿದ್ದಾರೆ. ಕಾಣಿಕೆ ಕಳುಹಿಸುವ ಕರ್ತವ್ಯವನ್ನು ಅವರು ಮರೆತಿಲ್ಲ. ಹಳೆಯ ದಾನಿಗಳ ಹೆಸರನ್ನು ಹೊತ್ತಿರುವ ಕಲ್ಲುಗಳನ್ನು ಕಾಯುವ ಹೊಣೆಯೂ ಅದರೊಡನೆ ಸೇರಿದೆ. ಮುಂದಿನ ಬಾರಿ ಊರಿಗೆ ಹೋದಾಗ ಶ್ರೀಕೃಷ್ಣನ ದರ್ಶನದ ಮರುದಿನ ಮಕ್ಕಳ ಕೈಹಿಡಿದು ಬಾರಕೂರಿನ ಎರಡು ಮೂರು ಕೇರಿಗಳಲ್ಲಾದರೂ ನಡೆದು ಬಂದರೆ ಆ ಕೆಲಸ ಆರಂಭವಾದಂತೆಯೇ ಸರಿ.